ಪಾಲ್ಯೋಸ್ಕಾಲದಲ್ಲಿ ನಾನು ಮುಟ್ಟದ ಗೋಧಿ

ಜುಲೈ ತಿಂಗಳ ಒಂದು ಬೆಳಿಗ್ಗೆ ವಿಶ್ವವಿದ್ಯಾಲಯದಲ್ಲಿ ನಮ್ಮ ವಿಭಾಗದ ಕಚೇರಿ ನೋಡಿಕೊಳ್ಳುವ ವಂಬೂಯಿ ನನ್ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟು ಮುಚ್ಚಳ ತೆಗೆದರು. ನೈರೋಬಿಯಲ್ಲಿ ಅದು ಚಳಿಯ ಕಾಲ. ಮಧ್ಯಾಹ್ನದವರೆಗೂ ಸೂರ್ಯ ಕಾಣುವುದಿಲ್ಲ, ಕಿಟಕಿ ಹಾಕಿಕೊಂಡೇ ಕೂತಿರುತ್ತೇವೆ. ಮುಚ್ಚಿದ ಕೋಣೆಯಲ್ಲಿ ವಾಸನೆ ಒಂದೇ ಸಲಕ್ಕೆ ತುಂಬಿಕೊಂಡಿತು: ಬೇಯಿಸಿ ಆರಿಸಿದ ಗೋಧಿ, ಹುರಿದ ಹಿಟ್ಟು, ಸಕ್ಕರೆ, ದಾಲ್ಚಿನ್ನಿ.

“ಅಮ್ಮ ಹೋಗಿ ವರ್ಷ ಆಯ್ತು ಸರ್. ನಿನ್ನೆ ಚರ್ಚಿನಲ್ಲಿ ಹಂಚಿದ್ವಿ. ಇದು ನಿಮ್ಮ ಪಾಲು.”

“ಕೋಲಿವಾ ಅಲ್ಲವಾ ಇದು?” ಎಂದೆ.

ವಂಬೂಯಿ ಹುಬ್ಬೇರಿಸಿದರು. ಅವರ ಮನೆಯವರು ಅಜ್ಜನ ಕಾಲದಿಂದ ಆರ್ಥೊಡಾಕ್ಸ್ ಕ್ರೈಸ್ತರಂತೆ. ಗ್ರೀಸಿನ ಹಳ್ಳಿಗಳಲ್ಲಿ ನಡೆಯುವ ಪೂಜೆಯೇ ಇಲ್ಲಿ ಅವರ ಚರ್ಚಿನಲ್ಲಿ ಕಿಕುಯು ಭಾಷೆಯಲ್ಲಿ ನಡೆಯುತ್ತದೆ. ಆರು ವರ್ಷ ಜೊತೆಗೆ ಕೆಲಸ ಮಾಡಿಯೂ ನಾನು ಇದನ್ನು ಕೇಳಿ ತಿಳಿದಿರಲಿಲ್ಲ. ಹಿಂದೂ ಮೇಷ್ಟರೊಬ್ಬರಿಗೆ ಈ ಗೋಧಿಯ ಹೆಸರು ಗೊತ್ತಿರುವುದು ಕಂಡು ಅವರಿಗೆ ಆಶ್ಚರ್ಯವಾಯಿತು. ನನಗೆ ಹುಮ್ಮಸ್ಸು ಬಂತು. ಕಥೆ ಹೇಳಿಬಿಟ್ಟೆ.

ಆ ಕಥೆಯನ್ನು ಇಲ್ಲಿನ ಲ್ಯಾವಿಂಗ್ಟನ್ ಬಡಾವಣೆಯ ಡಾಕ್ಟರೊಬ್ಬರ ಮನೆಯಲ್ಲಿ ನಾವು ಕನ್ನಡದವರು ಸೇರಿದಾಗಲೆಲ್ಲ ಹೇಳಿದ್ದೇನೆ. ಹೊಸಬರು ಯಾರಾದರೂ ಬಂದಿದ್ದರೆ ಡಾಕ್ಟರ ಹೆಂಡತಿಯೇ “ಪ್ರೊಫೆಸರ್ರೇ, ಆ ಗ್ರೀಸ್ ತಿಥಿ ಊಟದ್ದು ಹೇಳಿ” ಎಂದು ಎಬ್ಬಿಸುತ್ತಾರೆ. ಕಥೆ ಇಷ್ಟು. ಇಪ್ಪತ್ತನೇ ವಯಸ್ಸಿಗೆ ಜನಿವಾರ ತೆಗೆದುಹಾಕಿದ, ದೇವರು ದಿಂಡರು ಯಾವುದನ್ನೂ ನಂಬದ ನಾನು, ಗ್ರೀಸಿನ ಒಂದು ಕಡಲೂರಿನಲ್ಲಿ ಸತ್ತವರ ಹೆಸರಿನಲ್ಲಿ ಹಂಚಿದ ಸಿಹಿಗೋಧಿ ಕಂಡು ಕೈ ಹಿಂದಕ್ಕೆಳೆದುಕೊಂಡೆ. ‘ಬೇರೆಯವರ ಮನೆ ತಿಥಿಯದು ಮುಟ್ಟಬೇಡ’ ಎಂದು ಮೈಸೂರಿನ ಅಜ್ಜಿ ಎಂದೋ ಹೇಳಿದ ಮಾತು, ಡಾಕ್ಟರೇಟ್ ಮಾಡುತ್ತಿದ್ದವನ ಕೈ ಹಿಡಿದು ಜಗ್ಗಿತು. ಆದರೆ ಆ ಊರಿನಲ್ಲಿ ಕೊಟ್ಟ ಗೋಧಿಯನ್ನು ಬೇಡ ಎನ್ನುವುದು ಸತ್ತವನನ್ನು ಕ್ಷಮಿಸುವುದಿಲ್ಲ ಎಂದು ಸಾರಿದ ಹಾಗೆ. ಇಲ್ಲಿಗೆ ಬರುವಷ್ಟರಲ್ಲಿ ಎಲ್ಲರೂ ನಗುತ್ತಿರುತ್ತಾರೆ.

ವಂಬೂಯಿ ನಗಲಿಲ್ಲ. “ಆ ಮನುಷ್ಯ ಏನು ತಪ್ಪು ಮಾಡಿದ್ದ?” ಎಂದು ಕೇಳಿದರು.

“ಏನೂ ಮಾಡಿರಲಿಲ್ಲ. ಮಾಡಿದ್ದಾನೆ ಅಂತ ಊರು ನಂಬಿತ್ತು.”

“ಮಾಡಿಲ್ಲ ಅಂತ ನಿಮಗೆ ಆವತ್ತೇ ಗೊತ್ತಿತ್ತಾ, ಆಮೇಲೆ ಗೊತ್ತಾಯ್ತಾ?”

“ಆಮೇಲೆ,” ಎಂದೆ.

“ಪೋಲೆ ಸರ್,” ಎಂದು ಅವರು ಹೊರಟುಹೋದರು. ಸತ್ತವರ ಮನೆಯಲ್ಲೂ, ಕಾಲಿಗೆ ಕಲ್ಲು ತಾಗಿದವರಿಗೂ ಇಲ್ಲಿ ಹೇಳುವ ಸಮಾಧಾನದ ಮಾತು ಅದು. ನನ್ನ ಉತ್ತರ ಅಷ್ಟು ಬೇಗ ಬಂದದ್ದು ನನಗೇ ಸರಿ ಕಾಣಲಿಲ್ಲ. ವಿದ್ಯಾರ್ಥಿಗಳು ಅಷ್ಟು ಬೇಗ ಹೇಳಿದರೆ ‘ಆಧಾರ ಎಲ್ಲಿ?’ ಎಂದು ಕೇಳುವವನು ನಾನು.

ಹದಿಮೂರು ವರ್ಷದ ಹಿಂದಿನ ಮಾತು. ಆಗ ನಾನು ಯೂರೋಪಿನ ಒಂದು ವಿಶ್ವವಿದ್ಯಾಲಯದಲ್ಲಿದ್ದೆ. ಕಡಲ ತೀರದ ಸಣ್ಣ ಊರುಗಳ ಮುದುಕರನ್ನು ಮಾತಾಡಿಸಿ, ಯುದ್ಧಕಾಲದ ನೆನಪುಗಳನ್ನು ಧ್ವನಿಮುದ್ರಿಸಿಕೊಂಡು ಬರುವುದು ಕೆಲಸ. ಏಪ್ರಿಲ್ ಕೊನೆಗೆ ದಕ್ಷಿಣ ಗ್ರೀಸಿನ ಪಾಲ್ಯೋಸ್ಕಾಲಕ್ಕೆ ಹೋದವನು ಜುಲೈ ಮುಗಿಯುವವರೆಗೆ ಅಲ್ಲಿದ್ದೆ. ಹೆಸರಿನ ಅರ್ಥ ದೋಣಿ ನಿಲ್ಲುವ ಹಳೇ ದಕ್ಕೆ ಎಂದು. ಐವತ್ತು ಮನೆ, ಅರ್ಧಕ್ಕೆ ಬೀಗ. ಒಂದು ಚರ್ಚು, ಒಂದು ಕಾಫಿ ಅಂಗಡಿ. ದಂಡೆಯಲ್ಲಿ ಮರಳಿಲ್ಲ, ಕೋಳಿಮೊಟ್ಟೆ ಗಾತ್ರದ ಉರುಟು ಕಲ್ಲುಗಳು. ಅಲೆ ಹಿಂದಕ್ಕೆ ಹೋಗುವಾಗ ಅವು ಒಂದನ್ನೊಂದು ಉಜ್ಜಿ ಸದ್ದು ಮಾಡುತ್ತವೆ. ದಂಡೆಗುಂಟ ಉಪ್ಪುಗಾಳಿಗೆ ಜಗ್ಗದ ಗಿಡ್ಡ ಮರಗಳು, ಬುಡಕ್ಕೆ ಸುಣ್ಣ ಬಳಿದವು. ಸುಣ್ಣ ಬಳಿದಿದ್ದರು ಎಂದೇ ನನ್ನ ನೆನಪು. ನನ್ನ ಬಳಿ ಇರುವ ಎರಡು ಫೋಟೋಗಳಲ್ಲಿ ಬುಡಗಳು ಬರಿಯ ಕಂದು ಬಣ್ಣದವು.

ದಂಡೆಯ ತುದಿಯಲ್ಲಿ ಎರಡಂತಸ್ತಿನ ಕಲ್ಲಿನ ಗೋದಾಮು. ಒಂದು ಕಾಲಕ್ಕೆ ಸುತ್ತಲಿನ ಬೆಟ್ಟದ ಒಣದ್ರಾಕ್ಷಿಯೆಲ್ಲ ಅಲ್ಲಿಗೆ ಬಂದು, ತೂಕವಾಗಿ, ಹಡಗು ಹತ್ತುತ್ತಿತ್ತು. ಬೆಲೆ ಬಿದ್ದ ಮೇಲೆ ದ್ರಾಕ್ಷಿಯ ಬದಲು ಊರಿನ ಗಂಡಸರೇ ಹಡಗು ಹತ್ತಿದರು. ಗೋದಾಮಿನ ಕೆಳ ಅಂತಸ್ತಿಗೆ ಸಮುದ್ರದ ನೀರು ಬರುತ್ತದೆ. ದೋಣಿಯನ್ನು ನೇರ ಒಳಗೆ ತಂದು ಮೂಟೆ ತುಂಬಲೆಂದು ಹಾಗೆ ಕಟ್ಟಿದ್ದು. ಯುದ್ಧದಲ್ಲಿ ಜರ್ಮನ್ ಸೈನಿಕರು ಊರಿನ ದೋಣಿಗಳನ್ನು ವಶಪಡಿಸಿಕೊಂಡಾಗ ಊರಿನವರು ಒಂದನ್ನು ಆ ಕೆಳ ಅಂತಸ್ತಿನಲ್ಲಿ ಬಚ್ಚಿಟ್ಟರು. ತಲೆತಪ್ಪಿಸಿಕೊಂಡು ಬಂದ ಇಂಗ್ಲಿಷ್ ಸೈನಿಕರನ್ನು ಅದರಲ್ಲಿ ದಾಟಿಸುತ್ತಿದ್ದರು. ಒಂದು ಬೆಳಿಗ್ಗೆ ಜರ್ಮನ್ನರು ಬಂದು ದೋಣಿಗೆ ಬೆಂಕಿ ಇಟ್ಟು, ಊರಿನ ಮೂವರನ್ನು ಹಿಡಿದುಕೊಂಡು ಹೋದರು. ಮೂವರೂ ಹಿಂತಿರುಗಲಿಲ್ಲ. ಗೋದಾಮಿನ ಬೀಗ ಒಡೆದಿರಲಿಲ್ಲ, ಕೀಲಿ ಹಾಕಿ ತೆಗೆದಿದ್ದರು. ಕೀಲಿ ಇದ್ದದ್ದು ಕಾವಲುಗಾರ ಯಾನಿಸನ ಹತ್ತಿರ. ಊರಿಗೆ ಅಷ್ಟು ಸಾಕಾಯಿತು. ಯುದ್ಧ ಮುಗಿದ ಮೇಲೂ ಯಾನಿಸ್ ಇಪ್ಪತ್ತು ವರ್ಷ ಅದೇ ಊರಿನಲ್ಲಿ ಬದುಕಿದ. ಅವನು ಕಾಫಿ ಅಂಗಡಿಗೆ ಬಂದರೆ ಆ ಮೇಜಿನವರು ಎದ್ದುಹೋಗುತ್ತಿದ್ದರಂತೆ. ಕೈ ಎತ್ತಿ ಯಾರೂ ಹೊಡೆಯಲಿಲ್ಲ.

ನಾನು ಕೋಣೆ ಹಿಡಿದದ್ದು ಆ ಯಾನಿಸನ ಮಗಳು ಸ್ಟಮಾತಿಯಾ ಅವರ ಮನೆಯಲ್ಲಿ. ಎಂಬತ್ತರ ಹತ್ತಿರ ವಯಸ್ಸು, ಮದುವೆಯಾಗಿರಲಿಲ್ಲ. ಅವರ ಮನೆಗೆ ಹೆಣ್ಣು ಕೇಳಲು ಯಾರೂ ಬಂದಿರಲಿಲ್ಲ ಎನ್ನುವುದನ್ನು ಊರಿನವರು ಬೆಳೆಯ ಸುದ್ದಿ ಹೇಳುವ ಹಾಗೆ ಹೇಳಿದರು. ನನಗೆ ಗ್ರೀಕ್ ಅಷ್ಟಕ್ಕಷ್ಟೇ. ಪಕ್ಕದ ಪಟ್ಟಣದ ಅನ್ನಾ ಎಂಬ ಹುಡುಗಿ, ಆಗಷ್ಟೇ ಪದವಿ ಮುಗಿಸಿದವಳು, ದಿನಾ ಬಂದು ಅನುವಾದ ಮಾಡಿಕೊಡುತ್ತಿದ್ದಳು. ನಾನು ಮಾಂಸ ಮೀನು ತಿನ್ನುವುದಿಲ್ಲ ಎಂದು ತಿಳಿದ ದಿನ ಸ್ಟಮಾತಿಯಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಏನೋ ಹೇಳಿದರು. ಅನ್ನಾ ನಗುತ್ತಾ ಅನುವಾದಿಸಿದಳು: “ನಮ್ಮ ಉಪವಾಸ ಈಸ್ಟರ್‌ಗೆ ಮುಗೀತು, ನಿನ್ನದು ಯಾವಾಗ ಮುಗಿಯುತ್ತೆ ಅಂತ ಕೇಳ್ತಿದ್ದಾರೆ.” ಅಂದಿನಿಂದ ಮಸೂರ ಬೇಳೆ, ಅಲಸಂದೆ, ಕಾಡು ಸೊಪ್ಪು. ಮೂರು ತಿಂಗಳು ನನ್ನ ತಾಯಿ ನೋಡಿಕೊಂಡ ಹಾಗೆ ನೋಡಿಕೊಂಡರು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ನಿಜ.

ಮೊದಲ ವಾರವೇ ಅವರು ನೇರವಾಗಿ ವಿಷಯಕ್ಕೆ ಬಂದರು. “ನೀನು ಬರೆಯೋಕೆ ಬಂದವನು. ಓದಿದವನು ಬರೆದದ್ದನ್ನ ಈ ಊರು ನಂಬುತ್ತೆ. ನಮ್ಮಪ್ಪ ಕೀಲಿ ಕೊಡಲಿಲ್ಲ ಅಂತ ಬರಿ.”

“ನನಗೆ ಆಧಾರ ಬೇಕಮ್ಮ.”

“ನಾನಿಲ್ಲವಾ? ದೋಣಿ ಸುಟ್ಟಾಗ ಅಪ್ಪನಿಗೆ ಜ್ವರ. ಎದ್ದು ಓಡಾಡೋ ಹಾಗಿರಲಿಲ್ಲ. ಕೀಲಿ ತೆಗೆದು ನನ್ನ ಕೊರಳಿಗೆ ಹಾಕಿದ್ದ. ಎರಡು ದಿನ ಅದು ನನ್ನ ಎದೆ ಮೇಲೇ ಇತ್ತು.”

ಆಗ ಅವರಿಗೆ ಏಳೋ ಎಂಟೋ ವರ್ಷ. ಅವತ್ತಿನ ಟಿಪ್ಪಣಿ ಪುಸ್ತಕದಲ್ಲಿ ಹೀಗೆ ಬರೆದುಕೊಂಡಿದ್ದೇನೆ: ‘ಮಗಳು. ಬಾಲ್ಯದ ನೆನಪು. ಹಿತಾಸಕ್ತಿ ಇದೆ. ಸಾಕ್ಷಿಯಾಗಿ ದುರ್ಬಲ.’ ಆಮೇಲೆ ಪ್ರತಿ ಸಂಜೆ ನಾನು ತಿರುಗಾಡಿ ಬಂದಾಗ ಅವರು ಬಾಗಿಲಲ್ಲೇ ಕೇಳುತ್ತಿದ್ದರು, ಏನು ಸಿಕ್ಕಿತು ಎಂದು. ನಾನು ಕಲಿತ ಮೊದಲ ಗ್ರೀಕ್ ವಾಕ್ಯವೇ ‘ಇನ್ನೂ ಹುಡುಕುತ್ತಿದ್ದೇನೆ’.

ಊರಿನ ಮುದುಕರಲ್ಲಿ ನನಗೆ ಹತ್ತಿರವಾದವನು ಲೆಫ್ತೇರಿಸ್. ಎಲ್ಲರೂ ಬಾರ್ಬಾ ಲೆಫ್ತೇರಿಸ್ ಎನ್ನುತ್ತಿದ್ದರು. ಬಾರ್ಬಾ ಎಂದರೆ ನಮ್ಮ ದೊಡ್ಡಪ್ಪ ಎಂದ ಹಾಗೆ. ನಲವತ್ತು ವರ್ಷ ಸರಕು ಹಡಗಿನಲ್ಲಿದ್ದವನು. ಬೊಂಬಾಯಿ ಕಂಡಿದ್ದ, ಮೊಂಬಾಸಾ ಕಂಡಿದ್ದ. ಅವನ ಹಡಗಿನ ಇಂಗ್ಲಿಷಿನಿಂದಾಗಿ ನಮ್ಮಿಬ್ಬರಿಗೆ ಅನ್ನಾ ಬೇಕಿರಲಿಲ್ಲ. ಮಧ್ಯಾಹ್ನಗಳಲ್ಲಿ ಗೋದಾಮಿನ ಹಿಂದಿನ ನೆರಳಿನಲ್ಲಿ ಬಲೆ ಸರಿಮಾಡುತ್ತಾ ಕೂತಿರುತ್ತಿದ್ದ, ನಾನು ಪಕ್ಕದಲ್ಲಿ ಕೂರುತ್ತಿದ್ದೆ. “ನಿಮ್ಮ ಬೊಂಬಾಯಿಯಲ್ಲಿ ಒಬ್ಬ ನನ್ನ ಕೈ ನೋಡಿ, ಇನ್ನು ಹತ್ತು ವರ್ಷದಲ್ಲಿ ಸಾಯ್ತೀಯ ಅಂದಿದ್ದ. ಅವನು ಸತ್ತಿರ್ತಾನೆ ಈಗ,” ಎಂದು ನಗುತ್ತಿದ್ದ. ಆ ಊರಿನಲ್ಲಿ ನನ್ನನ್ನು ನಗಿಸಿದವನು ಅವನೊಬ್ಬನೇ. ಸ್ಟಮಾತಿಯಾ ಅವರ ಮನೆಯ ಮುಂದೆ ಹಾಯುವಾಗ ಮಾತ್ರ ಆ ಕಡೆ ತಿರುಗುತ್ತಿರಲಿಲ್ಲ.

ಜೂನ್ ತಿಂಗಳ ಒಂದು ಶನಿವಾರ ಸತ್ತವರಿಗೆಂದೇ ಮೀಸಲು. ಪ್ರತಿ ಮನೆಯ ಹೆಂಗಸೂ ತಮ್ಮವರ ಹೆಸರಿನಲ್ಲಿ ಗೋಧಿಯ ತಟ್ಟೆ ಸಿಂಗರಿಸಿ ಚರ್ಚಿಗೆ ತರುತ್ತಾಳೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಹಂಚುತ್ತಾರೆ. ತೆಗೆದುಕೊಂಡವರು ‘ದೇವರು ಅವನನ್ನು ಕ್ಷಮಿಸಲಿ’ ಎಂದು ಹೇಳಿ ಒಂದು ಚಮಚ ಬಾಯಿಗೆ ಹಾಕಿಕೊಳ್ಳಬೇಕು. ಯಾನಿಸ್ ಸತ್ತಂದಿನಿಂದ ಅವನ ಹೆಸರಿನ ತಟ್ಟೆಯನ್ನು ಆ ಮೂವರ ಮನೆಯವರು ಮುಟ್ಟುತ್ತಿರಲಿಲ್ಲ. ಲೆಫ್ತೇರಿಸ್‌ನ ಚಿಕ್ಕಪ್ಪ ಆ ಮೂವರಲ್ಲೊಬ್ಬ. ಅವರು ಮುಟ್ಟುವುದಿಲ್ಲ ಎಂದು ಉಳಿದವರೂ ಬಿಟ್ಟರು. ಪಾದ್ರಿ ಮಾತ್ರ ಒಂದು ಚಮಚ ತಿನ್ನುತ್ತಿದ್ದರಂತೆ; ಅದು ಅವರ ಕೆಲಸ ಎಂದು ಊರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮಿಕ್ಕಿದ್ದು ಪ್ರತಿ ವರ್ಷ ಸ್ಟಮಾತಿಯಾ ಅವರ ಕೋಳಿಗಳಿಗೆ.

ಆ ವರ್ಷ ಗುರುವಾರವೇ ಗೋಧಿ ಬೇಯಿಸಿ, ಅಡಿಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಆರಹಾಕಿದರು. ದ್ರಾಕ್ಷಿಯ ತೊಟ್ಟು ಬಿಡಿಸಿಕೊಟ್ಟವನು ನಾನೇ. “ಈ ಸಲ ನೀನಿದೀಯ,” ಎಂದರು. ಅನ್ನಾ ಅನುವಾದಿಸುವ ಮೊದಲೇ ನನಗೆ ಅರ್ಥವಾಗಿತ್ತು. ಊರನ್ನೆಲ್ಲ ವಿಚಾರಿಸಿದ, ಪುಸ್ತಕ ಬರೆಯಲಿರುವ ಹೊರಗಿನವನೊಬ್ಬ ಎಲ್ಲರ ಎದುರಿಗೆ ಒಂದು ಚಮಚ ತಿಂದರೆ ಅದು ಪಾದ್ರಿಯ ಚಮಚದ ಹಾಗಲ್ಲ. ಒಬ್ಬರಾದರೂ ಅವನ ಹಿಂದೆ ಕೈ ಚಾಚಬಹುದು. ಅರವತ್ತು ಎಪ್ಪತ್ತು ವರ್ಷದ ಮೇಲೆ ಆ ಹೆಂಗಸಿಗೆ ಬೇಕಿದ್ದದ್ದು ಅಷ್ಟೇ.

ಪೂಜೆ ಮುಗಿಯಿತು. ಅಂಗಳದಲ್ಲಿ ಬಿಸಿಲು, ಗಾಳಿ. ಹೆಂಗಸರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ನಿಂತಿದ್ದರು. ಸ್ಟಮಾತಿಯಾ ಮೆಟ್ಟಿಲಿನ ಹತ್ತಿರ ನಿಲ್ಲದೆ ಅಂಗಳದ ನಡುವಿಗೆ ಬಂದರು. ಕಾಗದದ ಲೋಟಕ್ಕೆ ಗೋಧಿ ತುಂಬಿ ನನ್ನ ಮುಂದೆ ಹಿಡಿದರು. “ಯಾನಿಸನಿಗೆ,” ಎಂದರು.

ನಾನು ಬೇಡ ಎಂದು ಕೈ ಆಡಿಸಿದೆ.

ಅವರಿಗೆ ಅರ್ಥವಾಗಲಿಲ್ಲವೋ, ನನಗೆ ಅರ್ಥವಾಗಿಲ್ಲ ಎಂದುಕೊಂಡರೋ, ಇನ್ನಷ್ಟು ಹತ್ತಿರಕ್ಕೆ ಹಿಡಿದರು. ಮತ್ತೆ ಬೇಡ ಎಂದೆ, ಈ ಸಲ ಗ್ರೀಕಿನಲ್ಲಿ, ಎಲ್ಲರಿಗೂ ಕೇಳುವಂತೆ. ಆಮೇಲೆ ಹಿಂದಿನಿಂದ ಒಬ್ಬ ಹೆಂಗಸು ಏನೋ ಕೂಗಿದಳು. ಅನ್ನಾ ಅಭ್ಯಾಸಬಲದಿಂದ ಅದನ್ನೂ ನನ್ನ ಕಿವಿಯಲ್ಲಿ ಅನುವಾದಿಸಿದಳು: “ನೋಡಿ, ಓದಿದವನಿಗೆ ಗೊತ್ತಾಗಿದೆ.”

ಸ್ಟಮಾತಿಯಾ ಲೋಟದ ಗೋಧಿಯನ್ನು ತಟ್ಟೆಗೆ ಸುರಿದು, ಬೆರಳಿನಿಂದ ಸಮ ಮಾಡಿ, ಮನೆಗೆ ನಡೆದರು. ನಾನು ಮನೆಗೆ ಬಂದಾಗ ಕೋಳಿಗಳು ತಿನ್ನುತ್ತಿದ್ದವು. ಅಂದು ಮಧ್ಯಾಹ್ನವೂ ನನಗೆ ಬೇಳೆ ಬಡಿಸಿದರು. ‘ಏನು ಸಿಕ್ಕಿತು’ ಎಂದು ಮಾತ್ರ ಆಮೇಲೆ ಒಂದು ದಿನವೂ ಕೇಳಲಿಲ್ಲ.

“ಯಾಕೆ ತಗೊಳ್ಳಲಿಲ್ಲ?” ಎಂದು ಅನ್ನಾ ಅವತ್ತೇ ಸಂಜೆ ದಂಡೆಯಲ್ಲಿ ಕೇಳಿದಳು. ಹೊಟ್ಟೆ ಸರಿಯಿರಲಿಲ್ಲ ಎಂದೆ. ಟಿಪ್ಪಣಿ ಪುಸ್ತಕದಲ್ಲೂ ಹಾಗೇ ಇದೆ: ‘ಹೊಟ್ಟೆ ಸರಿ ಇಲ್ಲ. ಗೋಧಿ ತಿನ್ನಲಿಲ್ಲ. ವಿಪರೀತ ಗಾಳಿ.’ ಅಜ್ಜಿ, ತಿಥಿ, ಜನಿವಾರ ಯಾವುದೂ ಅಲ್ಲಿಲ್ಲ. ಅವೆಲ್ಲ ಯಾವಾಗ ಸೇರಿಕೊಂಡವೋ ನನಗೆ ಗೊತ್ತಿಲ್ಲ. ಲ್ಯಾವಿಂಗ್ಟನ್ನಿನಲ್ಲಿ ಮೊದಲ ಸಲ ಜನ ನಕ್ಕ ದಿನ ಇರಬಹುದು.

ಇದಾದ ಮೇಲೆ, ಜುಲೈಯಲ್ಲಿ, ಲೆಫ್ತೇರಿಸ್ ನನಗೆ ನಿಜ ಹೇಳಿದ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಗೋದಾಮಿನ ಹಿಂದೆ, ಬಲೆಯ ಮೇಲಿನ ಕಣ್ಣು ಎತ್ತದೆ ಹೇಳಿದ. “ಇನ್ನೊಂದು ಕೀಲಿ ಇತ್ತು. ನಮ್ಮಪ್ಪ ದ್ರಾಕ್ಷಿ ಕಾಲದಲ್ಲಿ ತಕ್ಕಡಿ ಹಿಡಿಯುತ್ತಿದ್ದವನು. ಅವನದು ಅದು. ನಮ್ಮಣ್ಣ ಪಟ್ಟಣದ ಜೈಲಿನಲ್ಲಿದ್ದ, ಗುಂಡು ಹಾಕ್ತಾರೆ ಅಂತಿದ್ರು. ದೋಣಿ ಸುಟ್ಟ ಮುಂದಿನ ವಾರ ಅಣ್ಣ ಮನೆಗೆ ಬಂದ. ನೀನು ಓದಿದವನು, ಕೂಡಿಸ್ಕೋ.” ಹಿಡಿದೊಯ್ದವರಲ್ಲಿ ತನ್ನ ತಮ್ಮನೂ ಇರುತ್ತಾನೆ ಎಂದು ತಂದೆಗೆ ಗೊತ್ತಿರಲಿಲ್ಲವಂತೆ. ತಾನು ಸಾಯುವವರೆಗೆ ಇದು ಹೊರಗೆ ಬರಬಾರದು ಎಂದ. ನಾನು ಮಾತು ಕೊಟ್ಟೆ.

ಎರಡು ಚಳಿಗಾಲ ಕಳೆದ ಮೇಲೆ ಲೆಫ್ತೇರಿಸ್ ಸತ್ತ ಸುದ್ದಿಯನ್ನು ಅನ್ನಾ ಬರೆದಳು. ಸ್ಟಮಾತಿಯಾ ಇನ್ನೂ ಇದ್ದರು. ನಾನು ಅವತ್ತೇ ಬರೆಯಬಹುದಿತ್ತು. ಬರೆಯಲಿಲ್ಲ. ಒಬ್ಬ ಮುದುಕನ ಒಂದು ಹೇಳಿಕೆ, ಅದೂ ಹರಕು ಇಂಗ್ಲಿಷಿನಲ್ಲಿ. ಇನ್ನೊಂದು ಆಧಾರ ಸಿಗಲಿ ಎಂದು ಕಾದೆ. ಕಾಯುತ್ತಾ ಒಂದು ಲೇಖನ ಬರೆದೆ, ಮೌಖಿಕ ನೆನಪನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದರ ಬಗ್ಗೆ. ಪಾಲ್ಯೋಸ್ಕಾಲವೇ ಉದಾಹರಣೆ. ‘ಗೋದಾಮಿನ ಕಾವಲುಗಾರ ಕೀಲಿ ಒಪ್ಪಿಸಿದನೆಂಬುದು ಊರಿನ ಒಮ್ಮತದ ನೆನಪು’ ಎಂದು ಮೇಲೆ ಬರೆದು, ಲೆಫ್ತೇರಿಸ್ ಹೇಳಿದ್ದನ್ನು ಹೆಸರಿಲ್ಲದೆ ಅಡಿಟಿಪ್ಪಣಿಗೆ ಇಳಿಸಿದೆ. ಇಂಥ ತಡವಾದ ತಪ್ಪೊಪ್ಪಿಗೆಗಳನ್ನು ಯಾಕೆ ಒಪ್ಪಬಾರದು ಎಂದು ನಾಲ್ಕು ಕಾರಣ ಕೊಟ್ಟೆ. ಲೇಖನಕ್ಕೆ ಒಳ್ಳೆಯ ಹೆಸರು ಬಂತು. ನೈರೋಬಿಯ ಈ ಕೆಲಸದ ಸಂದರ್ಶನದಲ್ಲಿ ಅರ್ಧ ಗಂಟೆ ಅದರ ಮೇಲೇ ಮಾತು ನಡೆಯಿತು. ನಾನು ಇಲ್ಲಿ ಸೇರಿದ ವರ್ಷ ಅನ್ನಾಳ ಇನ್ನೊಂದು ಪತ್ರ: ‘ಕಿರಿಯಾ ಸ್ಟಮಾತಿಯಾ ಹೋದರು. ಈ ವರ್ಷವೂ ಗೋಧಿ ಮಾಡಿದ್ದರು.’ ಕಿರಿಯಾ ಎಂದರೆ ಅಮ್ಮನವರು. ಸಂತಾಪ ಸೂಚಿಸಿ ಎರಡು ಸಾಲು ಕಳಿಸಿದೆ.

ವಂಬೂಯಿ ಕೇಳಿದ ದಿನ ಸಂಜೆ ನ್ಗಾರಾದ ಅಂಗಡಿಯಲ್ಲಿ ಹೆಂಡತಿ ಶೈಲಾ ಹೇಳಿದ್ದ ರವೆ, ಹುಣಸೆಹಣ್ಣು ತೆಗೆದುಕೊಂಡು ಮನೆಗೆ ಹೋದೆ. ಊಟದ ಮೇಜಿನಲ್ಲಿ ನಡೆದದ್ದನ್ನು ಹೇಳಿದಾಗ ಅವಳು ಸೌಟು ಹಿಡಿದೇ ನಿಂತಳು.

“ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ತಿಥಿ ಊಟಕ್ಕೆ ನೀವು ಯಾವತ್ತು ಹೆದರಿದ್ರಿ? ಮದುವೆ ಆದ ವರ್ಷ ಎದುರುಮನೆ ರಾಯರ ತಿಥೀಲಿ ಎರಡು ಸಲ ಪಾಯಸ ಹಾಕಿಸ್ಕೊಂಡ್ರಿ. ಗ್ರೀಸ್‌ಗೆ ಹೋಗೋಕ್ಮುಂಚೆ ಅದು. ನಿಮ್ಮಮ್ಮ ನಾಚಿಕೆ ಆಗುತ್ತೆ ಅಂತ ನನ್ನ ಹತ್ರ ಅಂದಿದ್ರು.”

“ಅಜ್ಜಿ ಹೇಳಿದ್ದು...”

“ನಿಮ್ಮ ಮೈಸೂರಿನ ಅಜ್ಜಿ ನೀವು ಹುಟ್ಟೋ ಮುಂಚೇನೇ ಹೋಗಿದ್ರಲ್ಲ ರೀ. ಇನ್ನೊಬ್ಬರು ಅಜ್ಜಿ ಧಾರವಾಡದಲ್ಲಿದ್ರು. ಪಾರ್ಟೀಲಿ ಹೇಳೋವಾಗ ನಾನು ಸುಮ್ನಿರ್ತಿದ್ದೆ, ಎಲ್ಲರ ಎದುರು ಯಾಕೆ ಅಂತ.”

ಹನ್ನೊಂದು ವರ್ಷದ ಮಗಳು ತಟ್ಟೆಯಿಂದ ತಲೆ ಎತ್ತಿದಳು. “ಸೋ ಯು ಮೇಡ್ ಇಟ್ ಅಪ್, ಅಪ್ಪ?”

ಮಾರನೆಯ ದಿನ ಶನಿವಾರ; ಬೆಳಿಗ್ಗೆ ಹಳೆಯ ಹಾರ್ಡ್ ಡಿಸ್ಕ್ ಹುಡುಕಿ ತೆಗೆದು ಲೆಫ್ತೇರಿಸ್‌ನ ಧ್ವನಿಮುದ್ರಣ ಹಾಕಿಕೊಂಡು ಕೂತೆ. ಕಡತದ ಮೇಲಿನ ದಿನಾಂಕ ನಂಬುವ ಹಾಗಿಲ್ಲ, ಯಂತ್ರದಲ್ಲಿ ವರ್ಷವೇ ತಪ್ಪಾಗಿತ್ತು. ಲೇಖನಕ್ಕಾಗಿ ನಾನು ಬರಹಕ್ಕಿಳಿಸಿದ್ದು ನಡುವಿನ ಹತ್ತು ನಿಮಿಷ ಮಾತ್ರ, ಕೀಲಿಯ ಭಾಗ. ಕೊನೆಯವರೆಗೆ ಕೇಳಿದ ನೆನಪಿಲ್ಲ. ಈ ಸಲ ಕೇಳಿದೆ. ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಬರಿಯ ಅಲೆ, ಕಲ್ಲುಗಳು ಉಜ್ಜುವ ಸದ್ದು. ನಾನು ಯಂತ್ರ ನಿಲ್ಲಿಸಲು ಮರೆತಿದ್ದೆ. ಆಮೇಲೆ ಮತ್ತೆ ಅವನ ದನಿ.

“ಬರೋ ಶನಿವಾರ ಅವಳು ಗೋಧಿ ತರ್ತಾಳೆ. ನಾನು ತಗೊಳ್ಳಲ್ಲ. ನೀನೂ ತಗೋಬೇಡ. ದಿನಾ ನನ್ನ ಜೊತೆ ಕೂರೋನು ನೀನು. ನೀನು ತಿಂದ್ರೆ ನಾನೇ ಏನೋ ಹೇಳಿದೀನಿ ಅಂತ ಊರಿಗೆ ಗೊತ್ತಾಗುತ್ತೆ. ಆಯ್ತಾ?”

ಸ್ವಲ್ಪವೂ ತಡವಿಲ್ಲ. ನನ್ನದೇ ದನಿ, ಈಗಿನದಕ್ಕಿಂತ ತೆಳ್ಳಗೆ, ಸಲುಗೆಯದು: “ಆಯ್ತು ಬಾರ್ಬಾ, ಆಯ್ತು.”

ಮೂರು ಸಲ ಹಿಂದಕ್ಕೆ ಹಾಕಿ ಕೇಳಿದೆ. ಈ ಮಾತು ಆಡಿದ ನೆನಪು ನನಗೆ ಇವತ್ತಿಗೂ ಇಲ್ಲ. ನೆನಪಿಲ್ಲ ಎಂಬುದು ಸಮಾಧಾನ ಕೊಡಬೇಕಿತ್ತು, ಕೊಡುವುದಿಲ್ಲ. ಈಗ ಆ ಅಂಗಳವನ್ನು ನೆನೆಸಿಕೊಂಡರೆ ಸ್ಟಮಾತಿಯಾ ಅವರ ಭುಜದ ಹಿಂದೆ, ಹಿಪ್ಪುನೇರಳೆ ಮರದ ಕೆಳಗೆ, ಲೆಫ್ತೇರಿಸ್ ನನ್ನನ್ನೇ ನೋಡುತ್ತಾ ನಿಂತಿದ್ದಾನೆ. ಅವನು ನಿಜಕ್ಕೂ ಅಲ್ಲಿ ನಿಂತಿದ್ದನೋ, ಧ್ವನಿ ಕೇಳಿದ ಮೇಲೆ ನಾನೇ ತಂದು ನಿಲ್ಲಿಸಿದೆನೋ ಹೇಳಲಾರೆ. ಅಂಗಳದಲ್ಲಿ ಮರವಿತ್ತೇ ಎಂಬುದೂ ಖಚಿತವಿಲ್ಲ. ಖಚಿತವಾಗಿರುವುದು ಇಷ್ಟು: ಅವನು ನಿಜ ಹೇಳಿದ್ದು ಜುಲೈಯಲ್ಲಲ್ಲ, ಆ ಶನಿವಾರಕ್ಕೆ ಮೊದಲೇ. ಯಾನಿಸ್ ಕೀಲಿ ಕೊಟ್ಟಿಲ್ಲ ಎಂದು ತಿಳಿದೇ, ಅವನ ಮಗಳು ಕೊಟ್ಟ ಗೋಧಿಯನ್ನು ಬೇಡ ಎಂದೆ. ಅಜ್ಜಿಯೂ ಅಲ್ಲ, ಹೊಟ್ಟೆಯೂ ಅಲ್ಲ. ನನ್ನನ್ನು ನಗಿಸುತ್ತಿದ್ದ ಮುದುಕನ ಮನಸ್ಸು ಮುರಿಯಬಾರದು ಎಂದು.

ಅಂದೇ ಧ್ವನಿಮುದ್ರಣವನ್ನು ಅನ್ನಾಳಿಗೆ ಕಳಿಸಿದೆ. ಅವಳೀಗ ಆ ಪಟ್ಟಣದ ಪುರಸಭೆಯಲ್ಲಿ, ಹಳೆಯ ಕಟ್ಟಡಗಳ ವಿಭಾಗದಲ್ಲಿದ್ದಾಳೆ. ಊರಿಗೆ ಕೇಳಿಸು, ಚರ್ಚಿನಲ್ಲಿ ಓದಿಸು, ಏನು ಬೇಕಾದರೂ ಮಾಡು ಎಂದು ಬರೆದೆ. ಮೂರು ವಾರದ ಮೇಲೆ ಉತ್ತರ ಬಂತು. ಊರಿನಲ್ಲಿ ಚಳಿಗಾಲಕ್ಕೆ ಹನ್ನೊಂದು ಜನ ಉಳಿಯುತ್ತಾರಂತೆ. ಗೋದಾಮು ಈಗ ಪ್ರವಾಸಿಗರು ತಂಗುವ ಮನೆಯಾಗಿದೆ. ದಂಡೆಯಲ್ಲಿ ಪುರಸಭೆ ಊರಿನ ಇತಿಹಾಸದ ಫಲಕ ನೆಟ್ಟಿದೆ, ಗ್ರೀಕಿನಲ್ಲಿ ಮತ್ತು ಇಂಗ್ಲಿಷಿನಲ್ಲಿ. ಫೋಟೋ ಕಳಿಸಿದ್ದಳು. ಸಮುದ್ರ ಹಿಂದೆ ನೀಲಿಯಾಗಿದೆ. ಫಲಕದ ನಾಲ್ಕನೇ ಸಾಲಿನಲ್ಲಿ, ಗೋದಾಮಿನ ಕಾವಲುಗಾರ ಶತ್ರುಗಳಿಗೆ ಕೀಲಿ ಒಪ್ಪಿಸಿದ ಎಂದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಆಧಾರ: ನನ್ನ ಹೆಸರು, ನನ್ನ ಲೇಖನ.

‘ಧ್ವನಿಮುದ್ರಣವನ್ನು ಸಭೆಯಲ್ಲಿ ಕೇಳಿಸಿದೆ,’ ಎಂದು ಅನ್ನಾ ಬರೆದಿದ್ದಳು. ‘ಒಬ್ಬ ಸತ್ತ ಮನುಷ್ಯನ ತಡವಾದ ತಪ್ಪೊಪ್ಪಿಗೆ ಸಾಕಾಗುವುದಿಲ್ಲ ಎಂದರು. ಕಾರಣವಾಗಿ ನಿಮ್ಮ ಅಡಿಟಿಪ್ಪಣಿಯನ್ನೇ ಓದಿದರು. ಅದರ ಗ್ರೀಕ್ ಅನುವಾದ ನನ್ನದು, ತಪ್ಪಿಲ್ಲ ಅಂದುಕೊಂಡಿದ್ದೇನೆ. ಲೇಖನ ತಪ್ಪು ಎಂದು ನೀವೇ ಸಹಿ ಹಾಕಿ ಬರೆದುಕೊಟ್ಟರೆ ಫಲಕ ತೆಗೆಯುವ ವಿಷಯ ಮತ್ತೆ ಸಭೆಗೆ ಬರುತ್ತದೆ. ಎರಡು ಸಾಲು ಸಾಕು.’

ಬರುವ ತಿಂಗಳು ನನ್ನ ಬಡ್ತಿಯ ಕಡತ ಸಮಿತಿಯ ಮುಂದೆ ಹೋಗುತ್ತದೆ. ಅದರಲ್ಲಿ ಮೊದಲಿಗೆ ಇರುವುದು ಆ ಲೇಖನವೇ. ಇಂಗ್ಲಿಷಿನಲ್ಲಿ ಬರೆಯುವ ಮೊದಲು ನಡೆದದ್ದು ನಡೆದ ಹಾಗೆ ಕನ್ನಡದಲ್ಲಿ ಒಮ್ಮೆ ಬರೆದುಕೊಳ್ಳೋಣ, ಆಮೇಲೆ ಸುಲಭವಾಗುತ್ತದೆ ಎಂದು ಕೂತೆ. ಅದು ಇಷ್ಟುದ್ದ ಬೆಳೆಯಿತು. ಆ ಎರಡು ಸಾಲು ಇನ್ನೂ ಬರೆದಿಲ್ಲ.